ಕಾರ್ಕಳಕ್ಕೆ ಬಂದ ಎಂಟು ಲಂಗರು

ಆ ಬೇಸಿಗೆಯಲ್ಲಿ ನನ್ನ ಹತ್ತಿರ ಐದು ಧ್ವನಿಗಳಿದ್ದವು. ಒಂದು ನಮ್ಮ ಇಂಜಿನಿಯರರದ್ದು, ಒಂದು ಫಿಟ್ಟರ್ ಕಾಕನದ್ದು, ಒಂದು ಉಡುಪಿ ಆಫೀಸಿನ ಮ್ಯಾನೇಜರರದ್ದು, ಒಂದು ಪಡುಬಿದ್ರಿ–ಕಾರ್ಕಳ ಬಸ್ಸಿನ ಕಂಡಕ್ಟರನದ್ದು, ಮತ್ತೊಂದು ಆ ಬಸ್ಸಿನದ್ದೇ, ನಿಟ್ಟೆಯ ಏರಿನಲ್ಲಿ ಗೇರು ಬದಲಿಸುವಾಗ ಅದು ನರಳುವ ಧ್ವನಿ. ನನ್ನ ಸ್ವಂತದ್ದೂ ಒಂದಿತ್ತು. ಅದನ್ನು ಕೇಳಿ ಯಾರೂ ನಗುತ್ತಿರಲಿಲ್ಲವಾದ್ದರಿಂದ ಬಳಕೆ ಕಡಿಮೆ.

ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಒಂದು ಗೇರುಬೀಜದ ಕಾರ್ಖಾನೆಗೆ ನಲವತ್ತು ಅಡಿಯ ಕಬ್ಬಿಣದ ಚಿಮಣಿ ನಿಲ್ಲಿಸುವ ಕೆಲಸ ನಮ್ಮ ಕಂಟ್ರಾಕ್ಟರರಿಗೆ ಸಿಕ್ಕಿತ್ತು. ನಾನು ಸ್ಟೋರ್ ಕ್ಲರ್ಕ್. ನಟ್ಟು, ವಾಷರು, ಸಿಮೆಂಟು ಚೀಲ, ವೆಲ್ಡಿಂಗ್ ರಾಡು ಎಲ್ಲ ನನ್ನ ವಶ. ಕಾರ್ಖಾನೆಯವರ ಟೆಲಿಫೋನೂ ನನ್ನ ಮೇಜಿನ ಮೇಲೆಯೇ ಇತ್ತು. ಮಿಮಿಕ್ರಿ ಮಾಡುವವನ ಮೇಜಿನ ಮೇಲೆ ಟೆಲಿಫೋನ್ ಇಟ್ಟದ್ದು ಯಾರ ಬುದ್ಧಿಯೋ ನನಗೆ ಗೊತ್ತಿಲ್ಲ. ಅವರನ್ನೂ ಸ್ವಲ್ಪ ವಿಚಾರಿಸಬೇಕಿತ್ತು.

ಚಿಮಣಿಯ ಬುಡದಲ್ಲಿ ದಪ್ಪ ತಗಡಿನ ಬಳೆ, ಅದರಲ್ಲಿ ಎಂಟು ತೂತು. ಆ ಎಂಟು ತೂತುಗಳಲ್ಲಿ ಎಂಟು ಬೋಲ್ಟುಗಳು ನೆಲದಿಂದ ಮೇಲೆ ಬರಬೇಕು. ಮೇಲ್ತುದಿಯಲ್ಲಿ ನಟ್ಟು ಕೂರಲು ಥ್ರೆಡ್ಡು, ಕೆಳತುದಿಯಲ್ಲಿ ಕೊಕ್ಕೆ. ಕೊಕ್ಕೆ ಕಾಂಕ್ರೀಟಿನ ಒಳಗೆ ಹುಗಿದು ಹಿಡಿದುಕೊಂಡರೆ ಗಾಳಿ ಎಷ್ಟು ತಳ್ಳಿದರೂ ಚಿಮಣಿ ಕದಲುವುದಿಲ್ಲ. ನಕ್ಷೆಯಲ್ಲಿ ಅದರ ಹೆಸರು ಆಂಕರ್ ಬೋಲ್ಟ್. ಎರ್ಮಾಳಿನ ಮೀನುಗಾರರ ಮನೆಯಲ್ಲಿ ಹುಟ್ಟಿದ ನನಗೆ ಆಂಕರ್ ಎಂದರೆ ಲಂಗರು. ಶಾಲೆಯ ಹಗ್ಗಜಗ್ಗಾಟದಲ್ಲಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲುವ ದಪ್ಪ ಹುಡುಗನಿಗೂ ನಮ್ಮ ಡ್ರಿಲ್ ಮೇಷ್ಟ್ರು ಆಂಕರ್ ಎನ್ನುತ್ತಿದ್ದರು. ಕಾಂಕ್ರೀಟಿನಲ್ಲೂ ಒಂದು ಆಂಕರ್ ಉಂಟೆಂದು ಗೊತ್ತಾದದ್ದು ಇಲ್ಲಿಯೇ.

ಬೋಲ್ಟು ಮಾಡಿಕೊಡಬೇಕಾದವರು ಕಾಪುವಿನ ಒಬ್ಬ ಹಿರಿಯ ಕಮ್ಮಾರರು, ಆಚಾರ್ಯರು. ಇಂಜಿನಿಯರರು ಮೈಸೂರು ಕಡೆಯವರು, ತುಳು ಬಾರದವರು. ಅವರೇ ಟ್ರಂಕ್ ಕಾಲ್ ಹಾಕಿ ನನ್ನೆದುರಿಗೆ ಕೂಗಿ ಹೇಳಿದರು: "ಹ್ಞಾಂ, ನೋಡಿ, ಎಂಟು ಆಂಕರ್ ಬೋಲ್ಟ್! ಒಂದೂಕಾಲು ಇಂಚಿನ ಸರಳು! ಮೂರಡಿ! ಕೆಳಗೆ ಕೊಕ್ಕೆ! ತಿಳೀತಾ?" ಲೈನಿನಲ್ಲಿ ಬಾಣಲೆಯಲ್ಲಿ ಮೀನು ಹುರಿದ ಹಾಗೆ ಸದ್ದು. ನಕ್ಷೆಯ ಪ್ರತಿಯನ್ನು ಮಣಿಪಾಲದಿಂದ ತೆಗೆಸಿ ಆಮೇಲೆ ಕಳಿಸುತ್ತೇನೆಂದು ಫೋನ್ ಇಟ್ಟರು.

ಇನ್ನು ಫಿಟ್ಟರ್ ಕಾಕನ ವಿಷಯ. ಹೆಜಮಾಡಿಯ ಬ್ಯಾರಿ, ಗಲ್ಫಿನಲ್ಲಿ ಪೈಪು ಜೋಡಿಸಿ ಬಂದವರು. ಅವರ ಧ್ವನಿಯಲ್ಲಿ ನಾನೊಮ್ಮೆ ಕ್ಯಾಂಟೀನಿಗೆ ಹನ್ನೆರಡು ಚಾ ಹೇಳಿದ್ದೆ. ಹನ್ನೆರಡೂ ಅವರ ಮುಂದೆ ಸಾಲಾಗಿ ಬಂದು ಕೂತವು. ಅವರು ಕೋಪ ಮಾಡಲಿಲ್ಲ. ಚಾ ಕುಡಿಯುತ್ತಾ ಹೇಳಿದರು: "ಮಾರಾಯ, ನನಗೂ ಬಾಯಿ ಉಂಟು. ಒಂದು ದಿನ ಫೋನಿನಲ್ಲಿ ನಿನ್ನನ್ನು ಮಂಗ ಮಾಡ್ತೇನೆ. ಆಗ ಅಳಬೇಡ." ಅಂದಿನಿಂದ ಫೋನ್ ಗಂಟೆ ಹೊಡೆದಾಗಲೆಲ್ಲ ನನಗೆ ಸಂಶಯ. ಎರಡು ಸಲ ನಿಜವಾದ ಸಿಮೆಂಟ್ ಏಜೆಂಟನಿಗೇ "ಕಾಕ, ಸಾಕು" ಅಂದು ಬೈಸಿಕೊಂಡಿದ್ದೆ.

ಶುಕ್ರವಾರ ಮಧ್ಯಾಹ್ನ ಇಂಜಿನಿಯರರು ನಕ್ಷೆಗೆಂದು ಮಣಿಪಾಲಕ್ಕೆ ಹೋಗಿದ್ದರು. ಕಾಕ ನಮಾಜಿಗೆಂದು ಪೇಟೆಗೆ ಹೋಗಿದ್ದರು. ಫೋನ್ ಬಂತು.

"ನಮಸ್ಕಾರ. ಇಂಜಿನಿಯರ್ ಸಾಹೇಬರು ಇದ್ದಾರೆಯೇ? ಆಂಕರಿನ ವಿಷಯದಲ್ಲಿ ನನಗೆ ಒಂದು ಸಂಶಯ ಬಂದಿರುತ್ತದೆ."

ಗೊಗ್ಗರು ಧ್ವನಿ. "ಬಂದಿರುತ್ತದೆ" ಅಂತೆ! ಇಷ್ಟು ಶುದ್ಧ ಕನ್ನಡವನ್ನು ನಮ್ಮ ಕಡೆ ಯಾರು ಮಾತಾಡುತ್ತಾರೆ? ಯಕ್ಷಗಾನದ ವೇಷದವರು, ಇಲ್ಲವೇ ನಾಟಕ ಮಾಡುವ ಫಿಟ್ಟರ್‌ಗಳು. ಪೇಟೆಯ ಪೋಸ್ಟಾಫೀಸಿನಿಂದ ಕಾಕನೇ ಮಾಡಿದ್ದು ಎಂದು ನಾನು ತೀರ್ಮಾನಿಸಿದೆ. ತುಳು ಮನೆಮಾತಿನ ಮುದುಕರು ಸಾಹೇಬರ ಹತ್ತಿರ ಪುಸ್ತಕದ ಕನ್ನಡವನ್ನೇ ಆಡುತ್ತಾರೆ ಎಂಬುದು, ಹಾಗೆ ಆಡುವ ಸಂಬಂಧಿಕರು ನನಗೇ ನಾಲ್ಕು ಮಂದಿ ಇದ್ದರೂ, ಆಗ ಹೊಳೆಯಲಿಲ್ಲ.

ಎರಡು ಸಲ ಕೆಮ್ಮಿ ಇಂಜಿನಿಯರರಾದೆ. "ಹ್ಞಾಂ, ನೋಡಿ, ಏನು ಸಂಶಯ?"

"ಕಾರ್ಕಳದಲ್ಲಿ ಬೋಟಿನ ಆಂಕರ್ ಯಾತಕ್ಕೆಂದು. ಅಲ್ಲಿ ಸಮುದ್ರ ಇಲ್ಲವಲ್ಲ?"

ಬೋಟಂತೆ! ಕಾಕನೇ, ಖಂಡಿತ. "ಯಾಕಿಲ್ಲ? ರಾಮಸಮುದ್ರ ಇದೆಯಲ್ಲ! ಹೇಳಿದಷ್ಟು ಮಾಡಿ. ತಿಳೀತಾ?"

ರಾಮಸಮುದ್ರ ಕಾರ್ಕಳದ ಕೆರೆ. ಹೆಸರಿನಲ್ಲಿ ಮಾತ್ರ ಸಮುದ್ರ. ಗಮನಿಸಿ, ನಾನು "ಉಂಟು" ಅನ್ನಲಿಲ್ಲ, ಮೈಸೂರಿನವರ ಹಾಗೆ "ಇದೆ" ಅಂದೆ. ಕಸುಬಿನಲ್ಲಿ ನಾನು ಅಷ್ಟು ಚೊಕ್ಕ.

"ಆಗಬಹುದು ಸಾಹೇಬರೇ," ಎಂದಿತು ಆ ಧ್ವನಿ, ಬಹಳ ವಿನಯದಿಂದ. ಕಾಕ ಇಷ್ಟು ವಿನಯ ಎಲ್ಲಿಂದ ಕಲಿತರಪ್ಪ ಎಂದುಕೊಂಡು ಫೋನ್ ಇಟ್ಟೆ.

ಕಾಕ ಬಂದಾಗ ಕಣ್ಣು ಹೊಡೆದೆ. "ಕಣ್ಣಿಗೆ ಎಂತ ಬಿತ್ತು?" ಎಂದರು. ಎಂಥ ನಟನೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಹತ್ತು ದಿನ ಗುಂಡಿ ತೋಡುವುದರಲ್ಲೇ ಹೋಯಿತು. ಆ ಗಡಿಬಿಡಿಯಲ್ಲಿ ನಕ್ಷೆಯ ಪ್ರತಿ ಕಾಪುವಿಗೆ ಹೋಗದೆ ಇಂಜಿನಿಯರರ ಮೇಜಿನಲ್ಲೇ ಉಳಿಯಿತು. ಕೆಂಪು ಮುರಕಲ್ಲು, ಪಿಕಾಸಿ ಬಿದ್ದಲ್ಲಿ ಬೆರಳಗಲ ಮಾತ್ರ ಏಳುತ್ತಿತ್ತು. ಐದಡಿ ಆಳಕ್ಕೆ ಹೋಗಿ ಕೆಳಗೆ ಕಂಬಿಯ ಜಾಲರಿ ಕಟ್ಟಿದರು. ಕಾಕ ಪ್ಲೈವುಡ್ಡಿನ ವೃತ್ತ ಕತ್ತರಿಸಿ, ಚಿಮಣಿಯ ಬಳೆಯನ್ನೇ ಅದರ ಮೇಲಿಟ್ಟು ಎಂಟು ತೂತು ಕೊರೆದರು. ಬೋಲ್ಟುಗಳನ್ನು ಈ ಹಲಗೆಯಿಂದ ಗುಂಡಿಯೊಳಗೆ ತೂಗುಹಾಕಿ ಕಾಂಕ್ರೀಟು ಸುರಿಯಬೇಕು. ಒಂದು ಬೋಲ್ಟು ಕಾಲಿಂಚು ಸರಿದರೂ ಚಿಮಣಿ ಕೂರುವುದಿಲ್ಲ. ಪಶ್ಚಿಮದಲ್ಲಿ ಸಂಜೆ ಸಂಜೆ ಮೋಡ ಕಟ್ಟತೊಡಗಿತ್ತು. ಮಳೆ ಹಿಡಿದರೆ ಗುಂಡಿ ಬಾವಿಯಾಗುತ್ತದೆ, ಚಿಮಣಿ ಮಳೆಗಾಲ ಪೂರ್ತಿ ಅಡ್ಡ ಮಲಗಿರುತ್ತದೆ, ಕಾರ್ಖಾನೆಯ ಬಾಯ್ಲರ್ ಹೊತ್ತಿಸುವ ಹಾಗಿಲ್ಲ. ಒಳಗೆ ಬೀಜ ಸುಲಿಯುವ ಹೆಂಗಸರು ದಿನಾ ಕೇಳುತ್ತಿದ್ದರು: "ಯಾವಾಗ ಏಳ್ತದೆ ಅಣ್ಣ ನಿಮ್ಮ ಕೊಳವೆ?"

ಕಾಪುವಿನಿಂದ ಟೆಂಪೋ ಬಂತು. ಹಿಂದಿನ ಹಲಗೆ ಇಳಿಸಿದರು. ಒಳಗೆ ಎಂಟು ಲಂಗರುಗಳು.

ಅಪ್ಪಟ ಬೋಟಿನ ಲಂಗರು. ಎರಡೆರಡು ಕೊಕ್ಕೆ, ಮೇಲೆ ಹಗ್ಗ ಕಟ್ಟುವ ಬಳೆ, ಮೈಗೆಲ್ಲ ಕರಿ ಡಾಂಬರು. ಮೀನು ಒಣಗಿಸುವ ಅಂಗಳದಲ್ಲಿ ಕಾಣಬೇಕಾದ್ದು ಕುಕ್ಕುಂದೂರಿನ ಗುಡ್ಡದ ಮೇಲೆ ಬಿಸಿಲು ಕಾಯುತ್ತಾ ಕೂತಿತ್ತು. ಸ್ಟೋರಿನ ಅಭ್ಯಾಸದಿಂದ ನಾನು ಎಣಿಸಿದೆ, ಲೆಕ್ಕ ಸರಿ ಇತ್ತು.

"ಇದೇನಿದು?" ಎಂದರು ಇಂಜಿನಿಯರರು. ಆಮೇಲೆ ಮುಖ ಕೆಂಪಾಗುತ್ತಾ ಬಂತು. "ಗೊತ್ತಾಯ್ತು. ಮೀನಿನ ಸೀಸನ್ ಮುಗೀತಾ ಬಂತು. ಮಾರಾಟವಾಗದೆ ಉಳಿದದ್ದನ್ನು ಆ ಮುದುಕ ನಮ್ಮ ತಲೆಗೆ ಕಟ್ಟಿದ್ದಾನೆ."

ಟೆಂಪೋದ ಡ್ರೈವರ್ ಹೇಳಿದ: "ಇಲ್ಲ ಸಾರ್. ನೀವೇ ಫೋನಿನಲ್ಲಿ ಬೋಟಿಂದು ಅಂತ ಗಟ್ಟಿ ಮಾಡಿ ಹೇಳಿದ್ದಂತೆ. ಆಚಾರ್ರು ಎರಡು ಸಲ ಹೇಳಿ ಕಳಿಸಿದ್ದಾರೆ."

"ನಾನಾ?" ಇಂಜಿನಿಯರರ ಧ್ವನಿ ಸೀಳಿತು. ಆ ಸ್ಥಾಯಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಆ ಹೊತ್ತಿನಲ್ಲೂ ಅದನ್ನು ಗುರುತು ಹಾಕಿಕೊಂಡೆ. "ಸುಳ್ಳ! ಇನ್ನು ಮೇಲೆ ಅವನ ಕುಲುಮೆಗೆ ಒಂದು ಮೊಳೆಯ ಕೆಲಸವೂ ಹೋಗಬಾರದು. ಉಡುಪಿಗೆ ಇವತ್ತೇ ಬರೀತೀನಿ."

ಕಾಕ ನನ್ನನ್ನೇ ನೋಡುತ್ತಿದ್ದರು. ನಾನು ಕಾಕನನ್ನು ನೋಡಿದೆ. ಸ್ಟೋರಿನ ಹಿಂದೆ ಹಿಡಿದು ನಿಲ್ಲಿಸಿ ಕೇಳಿದೆ: "ಕಾಕ, ನಿಜ ಹೇಳಿ. ಆ ಶುಕ್ರವಾರ ಫೋನ್ ಮಾಡಿದ್ದು ನೀವು ತಾನೇ?"

"ಯಾವ ಶುಕ್ರವಾರ?"

"ಬೋಟಿನ ಆಂಕರ್ ಯಾತಕ್ಕೆ ಅಂತ."

ಕಾಕ ಬೀಡಿಯನ್ನು ಬಾಯಿಂದ ತೆಗೆದರು. "ಆ ಹೊತ್ತಿನಲ್ಲಿ ನಾನು ಮಸೀದಿಯಲ್ಲಿ ಮಾರಾಯ. ನೀನು ಎಂತ ಹೇಳಿದ್ದಿ? ಯಾರ ಧ್ವನಿಯಲ್ಲಿ?"

ಕಾಕ ಈಗಲೂ ನಾಟಕ ಮಾಡುತ್ತಿದ್ದಾರೆ, ಡ್ರೈವರನೂ ಅವರ ಕಡೆಯವನೇ ಎಂದು ನಂಬಲು ಬಹಳ ಪ್ರಯತ್ನಪಟ್ಟೆ. ಮಸೀದಿಯಲ್ಲಿ ಅವರನ್ನು ಕಂಡವರು ಯಾರಿರಬಹುದು ಎಂದು ಕೂಡ ಲೆಕ್ಕ ಹಾಕಿದೆ. ತಪ್ಪು ಮಾಡಿದವನಿಗೆ ಸಂಶಯ ಎಂಬುದು ಒಳ್ಳೆಯ ಕೊಡೆ. ಎಲ್ಲರ ಮೇಲೂ ಹಿಡಿಯಬಹುದು, ಕೆಳಗೆ ನಾವು ಒದ್ದೆಯಾಗದೆ ನಿಲ್ಲಬಹುದು.

ಮರುದಿನ ಬೆಳಿಗ್ಗೆ ಲಂಗರುಗಳನ್ನು ಅದೇ ಟೆಂಪೋದಲ್ಲಿ ಹೇರಿ, ಮುಂದೆ ಜೀಪಿನಲ್ಲಿ ನಾವು ಮೂವರು ಕಾಪುವಿಗೆ ಹೊರಟೆವು. ಇಂಜಿನಿಯರರ ತೊಡೆಯ ಮೇಲೆ ಮಣಿಪಾಲದ ನಕ್ಷೆ, ನನ್ನ ತೊಡೆಯ ಮೇಲೆ ಸ್ಟೋರಿನಿಂದ ತಂದ ಹದಿನಾರು ನಟ್ಟುಗಳ ಚೀಲ. ನಿಟ್ಟೆಯ ಇಳಿಜಾರಿನಲ್ಲಿ ಆ ಬಸ್ಸು ಎದುರಾಗಿ ನರಳಿತು. ಕಾಕ ನನ್ನ ಬಾಯಿ ನೋಡಿದರು. ನಾನು ಮುಚ್ಚಿಕೊಂಡೇ ಇದ್ದೆ.

ಕುಲುಮೆ ಕಡಲ ದಂಡೆಯ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ. ಆಚಾರ್ಯರು ಎದ್ದು ನಿಂತು ಹೆಗಲ ಬೈರಾಸು ತೆಗೆದು ಕೈಮುಗಿದರು. "ನಮಸ್ಕಾರ. ಸಾಹೇಬರು ಬಂದದ್ದು ಸಂತೋಷ. ಕೆಲಸದಲ್ಲಿ ಏನಾದರೂ ಕುಂದು ಬಂದಿರುತ್ತದೆಯೇ?"

ಅದೇ ಗೊಗ್ಗರು ಧ್ವನಿ. ಅದೇ "ಬಂದಿರುತ್ತದೆ". ನನ್ನ ಕೊಡೆ ಅಲ್ಲಿಗೆ ಹರಿಯಿತು.

ಇಂಜಿನಿಯರರು ನಕ್ಷೆಯನ್ನು ಅಡೆಗಲ್ಲಿನ ಮೇಲೆ ಹಾಸಿದರು. "ನಾನು ಹೇಳಿದ್ದು ಬೋಲ್ಟ್. ಬೋಲ್ಟ್! ನೀವು ಮಾಡಿದ್ದು ಇದು."

"ನನಗೆ ಕೇಳಿದ್ದು ಬೋಟ್ ಎಂದು ಸಾಹೇಬರೇ. ಲೈನು ಸರಿ ಇರಲಿಲ್ಲ. ಅದಕ್ಕೇ ಪುನಃ ಫೋನ್ ಮಾಡಿ ಕೇಳಿದೆ. ತಾವೇ ಗಟ್ಟಿ ಮಾಡಿದಿರಿ."

"ಸುಳ್ಳು ಹೇಳಬೇಡಿ ಆಚಾರ್ರೇ. ಈ ವಯಸ್ಸಿನಲ್ಲಿ."

ತಿದಿ ಒತ್ತುತ್ತಿದ್ದವನು ಕೈ ನಿಲ್ಲಿಸಿದ. ಆಚಾರ್ಯರ ಮುಖದಲ್ಲಿ ಕೋಪ ಬರಲಿಲ್ಲ, ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ತಮ್ಮ ಕಿವಿಯನ್ನೇ ಸಂಶಯಿಸುವವರ ಹಾಗೆ ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡರು. "ಐವತ್ತು ವರ್ಷ ಸುತ್ತಿಗೆಯ ಸದ್ದು ಕೇಳಿದ ಕಿವಿ. ಕೆಟ್ಟಿರಲೂಬಹುದು. ಆದರೆ ಧ್ವನಿ ತಮ್ಮದೇ. ಎರಡು ಸಲ ಕೆಮ್ಮಿದಿರಿ. ಸಮುದ್ರ ಇಲ್ಲವಲ್ಲ ಎಂದು ನಾನು ಕೇಳಿದೆ. ಆಗ ತಾವು..."

ಅವರು ಮಾತು ಹುಡುಕುತ್ತಾ ನಿಂತರು. ಸುಮ್ಮನಿದ್ದರೆ ಆ ಮಾತು ಸಿಗದೆಯೂ ಹೋಗಬಹುದಿತ್ತು. ಮುದುಕನ ಕಿವಿ ಕೆಟ್ಟಿದೆ ಎಂದು ಇಂಜಿನಿಯರರು ಉಡುಪಿಗೆ ಬರೆಯುತ್ತಿದ್ದರು, ನನ್ನ ಕೆಲಸ ಉಳಿಯುತ್ತಿತ್ತು. ಕಾಕ ನನ್ನ ಪಕ್ಕದಲ್ಲೇ ಇದ್ದರು, ಎಲ್ಲವೂ ಗೊತ್ತಿದ್ದು ಒಂದಕ್ಷರ ಹೇಳಲಿಲ್ಲ. ಅದು ನನ್ನ ಪಾಲಿಗೆ ಬಿಟ್ಟ ಮಾತು.

ಎರಡು ಸಲ ಕೆಮ್ಮಿದೆ. "ಯಾಕಿಲ್ಲ? ರಾಮಸಮುದ್ರ ಇದೆಯಲ್ಲ! ಹೇಳಿದಷ್ಟು ಮಾಡಿ. ತಿಳೀತಾ?"

ಅಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲ. ಯಾರೂ ನಗಲಿಲ್ಲ. ಇಂಜಿನಿಯರರು ನನ್ನ ಕಡೆ ತಿರುಗಿದ್ದು ತೀರ ನಿಧಾನವಾಗಿ, ಕನ್ನಡಿಯಲ್ಲಿ ಬೇರೆ ಯಾರನ್ನೋ ಕಂಡವರ ಹಾಗೆ.

"ಇದೇ," ಎಂದರು ಆಚಾರ್ಯರು. "ಇದೇ ಧ್ವನಿ." ಆಮೇಲೆ ಅಷ್ಟೇ ಸಮಾಧಾನದಿಂದ, ಮೊದಲ ಬಾರಿಗೆ ತುಳುವಿನಲ್ಲಿ, "ಯಾರ ಮಗ ನೀನು?" ಎಂದರು. ಎರ್ಮಾಳಿನ ಮನೆ ಹೇಳಿದೆ. "ಸಮುದ್ರದವನೇ! ಹಾಗಾದರೆ ಕೆರೆಗೆ ಲಂಗರು ಹಾಕುವುದಿಲ್ಲ ಅಂತ ಗೊತ್ತಿತ್ತಲ್ಲಾ?"

ಇಂಜಿನಿಯರರು ಆಚಾರ್ಯರಿಗೆ ಹೇಳಿದ್ದು: "ಸುಳ್ಳು ಅಂದೆ. ತಪ್ಪಾಯ್ತು." ನನಗೆ ಹೇಳಿದ್ದು: "ನಿನ್ನನ್ನು ಆಮೇಲೆ ನೋಡ್ಕೋತೀನಿ. ಮೊದಲು ಚಿಮಣಿ." ಅಲ್ಲಿಂದ ಮುಂದೆ ನಾನು ಬಾಯಿ ತೆರೆದಾಗಲೆಲ್ಲ ಅವರು ನನ್ನ ತುಟಿ ಗಮನಿಸುತ್ತಿದ್ದರು.

ಆಚಾರ್ಯರು ನಕ್ಷೆಯ ಮೇಲೆ ಬಗ್ಗಿದರು. ಲಂಗರನ್ನು ನೋಡಿದರು, ಪುನಃ ನಕ್ಷೆಯನ್ನು ನೋಡಿದರು. "ಇದೂ ಲಂಗರೇ ಅಲ್ವಾ? ಕೆಳಗೆ ಕೊಕ್ಕೆ ಉಂಟು. ಹಿಡಿಯುವುದು ಕೆಸರಲ್ಲ, ಕಾಂಕ್ರೀಟು. ಎತ್ತುವ ರಗಳೆ ಇಲ್ಲ, ಅಷ್ಟೆ."

ಸರಳು ಒಂದೂಕಾಲು ಇಂಚಿನದ್ದೇ. ಬಳೆ ಮಾಡಲೆಂದು ಉದ್ದದಲ್ಲಿ ಅರ್ಧ ಅಡಿ ಹೆಚ್ಚು ಇಟ್ಟಿದ್ದರು. ಎರಡು ಕೊಕ್ಕೆಗಳಲ್ಲಿ ಒಂದು ಸರಳಿನ ತುದಿಯನ್ನೇ ಕಾಯಿಸಿ ಬಗ್ಗಿಸಿದ್ದು, ಇನ್ನೊಂದು ಬೆಸೆದದ್ದು. ಬೆಸೆದದ್ದನ್ನು ಕತ್ತರಿಸಬೇಕು, ಬಳೆಯ ತುದಿ ತೆಗೆಯಬೇಕು, ಮೇಲಿನ ಆರಿಂಚಿಗೆ ಥ್ರೆಡ್ ಹಾಕಬೇಕು. ಇಂಜಿನಿಯರರು ಒಂದನ್ನು ಎತ್ತಿ ಎಲ್ಲ ಕಡೆ ಅಳೆದು, ಇನ್ನೂ ನಂಬದೆ ಮತ್ತೊಮ್ಮೆ ಅಳೆದು, "ಆಗುತ್ತೆ" ಎಂದರು.

ಡಾಂಬರು ಸುಟ್ಟು ತೆಗೆಯುವುದು, ಸರಳನ್ನು ವೈಸಿಗೆ ಬಿಗಿಯುವುದು, ಥ್ರೆಡ್ ಕೊರೆಯುವ ಡೈಯ ಎರಡು ಹಿಡಿಗಳನ್ನು ಹಿಡಿದು ಸುತ್ತುವುದು ನನ್ನ ಪಾಲಿಗೆ ಬಂತು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎಣ್ಣೆ. ಪುನಃ ಅರ್ಧ ಸುತ್ತು. ಪ್ರತಿ ಬೋಲ್ಟಿಗೆ ನಾನು ತಂದ ನಟ್ಟನ್ನು ಬೆರಳಿನಿಂದಲೇ ಇಳಿಸಿ ನೋಡದೆ ಆಚಾರ್ಯರು ಕೆಳಗಿಡುತ್ತಿರಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಾಗ ಕಾಕ ಹೇಳಿದರು: "ಬಾಯಿಯ ಕೆಲಸ ಕೈಗೆ ಬಂತು ನೋಡು."

ಎಂಟೂ ಮುಗಿದ ಮೇಲೆ ಆಚಾರ್ಯರು ಒಂದೊಂದನ್ನೇ ಹಗ್ಗಕ್ಕೆ ತೂಗಿಸಿ ಸಣ್ಣ ಸುತ್ತಿಗೆಯಿಂದ ಬಡಿದರು. ಠಣ್. ನಾದ ಉದ್ದಕ್ಕೆ ಹೋಗಿ ನಿಧಾನವಾಗಿ ಆರುತ್ತಿತ್ತು. ಏಳು ಹೀಗೆಯೇ. ಎಂಟನೆಯದು "ಠಕ್" ಎಂದು ಅಲ್ಲೇ ಸತ್ತಿತು. ಬಗ್ಗಿಸಿದ ಜಾಗದಲ್ಲಿ ಎಣ್ಣೆ ಸವರಿ ಒರೆಸಿದಾಗ ಕೂದಲೆಳೆಯ ಬಿರುಕು ಕಂಡಿತು.

"ಕಬ್ಬಿಣ ಮಿಮಿಕ್ರಿ ಮಾಡುವುದಿಲ್ಲ," ಎಂದರು ಆಚಾರ್ಯರು, ನನ್ನ ಕಡೆ ನೋಡದೆ.

ಆ ದಪ್ಪದ ಸರಳು ಕುಲುಮೆಯಲ್ಲಿ ಉಳಿದಿರಲಿಲ್ಲ. ಮಂಗಳೂರಿನಿಂದ ತರಿಸಲು ಎರಡು ಮೂರು ದಿನ ಬೇಕು. ಮೋಡ ಆಗಲೇ ದೀಪಸ್ತಂಭದ ತಲೆಯ ಮೇಲಿತ್ತು. ಏಳು ಬೋಲ್ಟಿನ ಮೇಲೆ ಚಿಮಣಿ ನಿಲ್ಲಿಸುವುದಿಲ್ಲ ಎಂದರು ಇಂಜಿನಿಯರರು.

"ನಮ್ಮ ಮನೆಯಲ್ಲಿ ಒಂದು ಉಂಟು," ಎಂದೆ. "ಅಪ್ಪನ ಹಳೆ ದೋಣಿಯದ್ದು. ಇದಕ್ಕಿಂತ ಸ್ವಲ್ಪ ದಪ್ಪವೇ."

ಮೂವರೂ ಒಟ್ಟಿಗೆ ನನ್ನ ಮುಖ ನೋಡಿದರು. ಜೋಕೋ ನಿಜವೋ ಎಂದು ತೂಗುತ್ತಿದ್ದರು. ಕಾಕ ಎದ್ದರು. "ನಾನೂ ಬರ್ತೇನೆ. ಕಣ್ಣಲ್ಲಿ ನೋಡದೆ ಇವನನ್ನು ನಂಬುವುದಿಲ್ಲ."

ಎರ್ಮಾಳು ಅಲ್ಲಿಂದ ಹತ್ತಿರ. ಲಂಗರು ದನದ ಹಟ್ಟಿಯ ಪಕ್ಕ ಅರ್ಧ ಹೂತು ನಿಂತಿತ್ತು, ಅದಕ್ಕೆ ದನ ಕಟ್ಟಿತ್ತು. ದೋಣಿ ಹೋದ ಮೇಲೆ ಅದು ದನದ ಲಂಗರು. ಇಂಜಿನಿಯರರು ಕೇಳಿದ್ದಾರೆ ಎಂದಾಗ ಅಮ್ಮ ಹುಲ್ಲಿನ ಕಟ್ಟು ಕೆಳಗಿಡದೆ ಕೇಳಿದರು: "ನಿಜವಾಗಿ ಅವರೇ ಕೇಳಿದ್ದಾ, ಅವರ ಧ್ವನಿ ಕೇಳಿದ್ದಾ?"

ಕಾಕ ಸಾಕ್ಷಿ ಹೇಳಬೇಕಾಯಿತು. "ಅವರೇ, ಅಕ್ಕ. ಸತ್ಯ." ಅಮ್ಮ ದನ ಬಿಚ್ಚಿ ತೆಂಗಿನ ಮರಕ್ಕೆ ಕಟ್ಟಿದರು. ದನಕ್ಕೂ ನನ್ನ ಮೇಲೆ ಸಂಶಯವಿತ್ತು, ಹೋಗುವವರೆಗೆ ನೋಡುತ್ತಲೇ ಇತ್ತು.

ಉಪ್ಪು ತಿಂದ ಮೇಲ್ಪದರವನ್ನು ಆಚಾರ್ಯರು ಕೆತ್ತಿ ತೆಗೆದರು. ಕೆಳಗೆ ಬೆಳ್ಳಗೆ ಒಳ್ಳೆಯ ಕಬ್ಬಿಣ. ಕತ್ತರಿಸಿ, ಥ್ರೆಡ್ ಹಾಕಿ, ತೂಗಿಸಿ ಬಡಿದರು. ಉಳಿದ ಏಳಕ್ಕಿಂತ ಸ್ವಲ್ಪ ದಪ್ಪ ಸ್ವರ, ಆದರೆ ಉದ್ದಕ್ಕೆ ಹೋಯಿತು. ಅವರು ಪುನಃ ಬಡಿದರು. ಮೂರನೆಯ ಸಲವೂ ಬಡಿದು, ತಲೆಯಾಡಿಸಿದರು.

ಮರುದಿನ ಕುಕ್ಕುಂದೂರಿನಲ್ಲಿ ಎಂಟನ್ನೂ ಹಲಗೆಯಿಂದ ತೂಗುಹಾಕಿದೆವು. ಕಾಕ ತೂಗುಗುಂಡು ಬಿಟ್ಟು ಒಂದೊಂದರ ನೇರ ನೋಡಿದರು, ನೀರು ತುಂಬಿದ ರಬ್ಬರ್ ಪೈಪಿನಿಂದ ಹಲಗೆಯ ಮಟ್ಟ ಹಿಡಿದರು. ನಮ್ಮ ಮನೆಯದನ್ನು ಪೂರ್ವದ ತೂತಿಗೆ ಹಾಕಿದ್ದರು. ಗಾಳಿ ಸಮುದ್ರದ ಕಡೆಯಿಂದ ಬರುವುದು, ಎಳೆತ ಪಶ್ಚಿಮದ ಬೋಲ್ಟುಗಳಿಗೆ ಹೆಚ್ಚು.

"ಎಂತ ಕಾಕ, ನಂಬಿಕೆ ಇಲ್ವಾ?"

"ಬೋಲ್ಟಿನ ಮೇಲೆ ಉಂಟು. ನಿನ್ನ ಮನೆಯದಲ್ವಾ, ಅದಕ್ಕೆ."

ಥ್ರೆಡ್ಡಿಗೆ ಗ್ರೀಸು ಸವರಿ ಗೋಣಿ ಸುತ್ತಿ, ಕಾಂಕ್ರೀಟು ಸುರಿದು ಕಂಬಿಯಿಂದ ಕುತ್ತಿದೆವು. ಒದ್ದೆ ಗೋಣಿ ಹೊದಿಸಿ ಹದಿನೈದು ದಿನ ನಾನೇ ನೀರು ಹಾಕಿದೆ. ಮೋಡ ದಿನಾ ಬಂದು ಹೆದರಿಸಿ ಹೋಯಿತು. ಚಿಮಣಿ ಎತ್ತಿದ ದಿನ ಬಳೆಯ ಎಂಟು ತೂತುಗಳೂ ಎಂಟು ಬೋಲ್ಟುಗಳ ಮೇಲೆ ಸದ್ದಿಲ್ಲದೆ ಇಳಿದವು. ಬೋಲ್ಟಿಗೆ ಎರಡರಂತೆ ನಟ್ಟು ಬಿಗಿದೆವು. ಹೆಂಗಸರು ಹೊರಗೆ ಬಂದು ಕತ್ತೆತ್ತಿ ನೋಡಿದರು. ಮರುದಿನದಿಂದ ಮಳೆ.

ನನ್ನ ಕೆಲಸ ಉಳಿಯಿತು. ಟೆಲಿಫೋನ್ ಮಾತ್ರ ನನ್ನ ಮೇಜಿನಿಂದ ಇಂಜಿನಿಯರರ ಮೇಜಿಗೆ ಹೋಯಿತು.

ಮೊದಲ ದೊಡ್ಡ ಗಾಳಿ ಬೀಸಿ ಹೋದ ಬೆಳಿಗ್ಗೆ ಫೋನ್ ಗಂಟೆ ಹೊಡೆಯಿತು. ಇಂಜಿನಿಯರರು ಎತ್ತಿಕೊಂಡರು. "ಹ್ಞಾಂ, ನೋಡಿ, ಚಿಮಣಿ ನಿಂತಿದೆ ಆಚಾರ್ರೇ... ನಾನೇ... ಅಲ್ರೀ, ನಾನೇ ಮಾತಾಡ್ತಿರೋದು... ಏನು?" ಅವರು ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದರು. "ಕಾರ್ಕಳದಲ್ಲಿ ಸಮುದ್ರ ಇದೆಯಾ ಅಂತ ಕೇಳ್ತಿದ್ದಾರೆ." ಪುನಃ ಕಿವಿಗಿಟ್ಟುಕೊಂಡು, ಹಲ್ಲು ಕಚ್ಚಿ, "ಇಲ್ಲ. ಕೆರೆ ಇದೆ" ಎಂದರು. ಆ ಉತ್ತರವೂ ಸಾಲಲಿಲ್ಲ. ಅವರು ನನ್ನ ಕಡೆ ಫೋನ್ ಚಾಚಿದರು. "ತಗೋ. ನನ್ನ ಧ್ವನಿ ಮೇಲೆ ಅವರಿಗೆ ನಂಬಿಕೆ ಬರ್ತಿಲ್ಲ. ನಿನ್ನ ಪುಣ್ಯ."

"ಆಚಾರ್ರೆ," ಎಂದೆ.

"ಇದು ಯಾರ ಧ್ವನಿ?"

"ನನ್ನದೇ."

"ಇದನ್ನು ಕೇಳಿಯೇ ಇರಲಿಲ್ಲ," ಎಂದರು ತುಳುವಿನಲ್ಲಿ. "ಬೋಲ್ಟು ಬಡಿದು ನೋಡಿದಿಯಾ?"

ನೋಡಿದ್ದೆ. ಗಾಳಿ ನಿಂತ ಕೂಡಲೇ, ಯಾರೂ ಹೇಳದೆ, ಎಂಟನ್ನೂ ಬಡಿದಿದ್ದೆ. ಕಾಂಕ್ರೀಟಿನಲ್ಲಿ ಹೂತ ಮೇಲೆ ಸ್ವರ ಗಿಡ್ಡವಾಗಿತ್ತು, ಆದರೆ ಸತ್ತಿರಲಿಲ್ಲ.

"ನಿಮ್ಮ ಮನೆಯದು ಹೇಗೆ ಉಂಟು? ಮಾಡಿ ತೋರಿಸು."

ಇಂಜಿನಿಯರರು ನೋಡುತ್ತಿದ್ದರು. ಬಾಗಿಲಲ್ಲಿ ಕಾಕ ನಿಂತಿದ್ದರು. ನಾನು ಕಣ್ಣು ಮುಚ್ಚಿ, ಬೆಳಿಗ್ಗೆ ಕೇಳಿದ್ದಕ್ಕೆ ಒಂದಿಷ್ಟೂ ಸೇರಿಸದೆ, ಒಂದಿಷ್ಟೂ ತೆಗೆಯದೆ, ಆ ಸದ್ದನ್ನು ಮಾಡಿದೆ.

ಲೈನಿನಲ್ಲಿ ಮೀನು ಹುರಿಯುವ ಸದ್ದು. ಬಹಳ ಹೊತ್ತು.

"ಸರಿ ಉಂಟು," ಎಂದರು ಆಚಾರ್ಯರು. "ಇಡು."